ಏಳದೆ ಕೂತವಳಿಗೆ ಚಪ್ಪಾಳೆ

ಭಾನುವಾರ, ಫೆಬ್ರವರಿ ೧೮

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಲು ಕೂತು ಎರಡು ಸಲ ಪೆನ್ನು ಮುಚ್ಚಿಟ್ಟು ಎದ್ದುಹೋದೆ. ಅದಕ್ಕೇ ಇಷ್ಟು ತಡ, ಬೈಯಬೇಡ. ನೀನು ಕೇಳಿದಾಗಲೆಲ್ಲ "ಕಾಗದ ಬರೀತೀನಿ" ಎಂದು ಜಾರಿಕೊಂಡೆ. "ಫೋನ್ ಇರೋವಾಗ ಕಾಗದ ಯಾಕೆ, ನೀನೇನು ಅಜ್ಜಿ ಕಾಲದವಳಾ?" ಎಂದು ನಕ್ಕೆ ನೀನು. ಫೋನಿನಲ್ಲಾದರೆ ನೀನು ವಾರ್ಡಿನಿಂದ ವಾರ್ಡಿಗೆ ಓಡುತ್ತ ಅರ್ಧ ಕೇಳಿಸಿಕೊಳ್ಳುತ್ತೀಯ, ನಾನು ಅರ್ಧ ನುಂಗಿಕೊಳ್ಳುತ್ತೇನೆ. ಇದನ್ನು ಡ್ಯೂಟಿ ಮುಗಿಸಿ, ಶೂ ಬಿಚ್ಚಿ, ಕಾಲು ಚಾಚಿಕೊಂಡು ಓದು.

ಮೊದಲು ನನ್ನ ಗೋಳು. ಗಂಟಲು ಇನ್ನೂ ಕಟ್ಟಿಕೊಂಡೇ ಇದೆ. ಡಾಕ್ಟರು "ಮಾತು ಕಮ್ಮಿ ಮಾಡಿ" ಎಂದರು. ಮಾತು ಕಮ್ಮಿ ಮಾಡಿದರೆ ಗಣಿತವನ್ನು ಕೈಸನ್ನೆಯಲ್ಲಿ ಕಲಿಸಲೇ? ನಮ್ಮನೆಯವರಿಗೆ ಮಾತ್ರ ಡಾಕ್ಟರ ಸಲಹೆ ಬಹಳ ಹಿಡಿಸಿಬಿಟ್ಟಿದೆ, ದಿನಕ್ಕೆ ಮೂರು ಸಲ ನೆನಪಿಸುತ್ತಾರೆ. ಬೆಳಿಗ್ಗೆ ಶಾಲೆ, ಸಂಜೆ ಟೈರ್ ಅಂಗಡಿಯ ಮೇಲಿನ ಕೋಚಿಂಗ್ ಸೆಂಟರು. ಮನೆಗೆ ಬಂದರೆ ನನ್ನ ಸೀರೆಯೂ ರಬ್ಬರ್ ವಾಸನೆ ಹೊಡೆಯುತ್ತದೆ. ಸಾಕಾಗಿದೆ ಅಕ್ಕ.

ನನ್ನ ಬ್ಯಾಚಿನವರೆಲ್ಲ ಏಳನೇ ಕ್ಲಾಸಿನ ಮಕ್ಕಳು. ಅವರ ಕಾಲೇಜು ಪ್ರವೇಶ ಪರೀಕ್ಷೆಗೆ ಇನ್ನೂ ಐದು ವರ್ಷ ಇದೆ. ಶೂ ಲೇಸು ಸರಿಯಾಗಿ ಕಟ್ಟಲು ಬಾರದವನೊಬ್ಬ ಎದ್ದು ನಿಂತು, "ಮಿಸ್, ನೆಗೆಟಿವ್ ಮಾರ್ಕಿಂಗ್ ಇದ್ರೆ ಊಹೆ ಮಾಡ್ಬಹುದಾ?" ಎಂದು ಕೇಳುತ್ತಾನೆ. ನಾನೂ ಗಂಭೀರವಾಗಿ ಉತ್ತರ ಕೊಡುತ್ತೇನೆ. ಬೇಗ ಶುರು ಮಾಡಿದರೆ ನಿಧಾನವಾಗಿ ಕಲಿಸಬಹುದು, ಮಕ್ಕಳಿಗೆ ಉಸಿರು ಬಿಡಲು ಸಮಯ ಸಿಗುತ್ತದೆ ಎಂದುಕೊಂಡು ಈ ಕೆಲಸಕ್ಕೆ ಸೇರಿದವಳು ನಾನು. ಡೈರೆಕ್ಟರು ಹೇಳುವುದೇ ಬೇರೆ: "ಏಳನೇ ಕ್ಲಾಸೇ ಲೇಟು ಮಿಸ್. ಎದುರುಗಡೆಯವರು ಐದರಿಂದಲೇ ಶುರು ಮಾಡಿದಾರೆ." ಇನ್ನು ಸ್ವಲ್ಪ ದಿನಕ್ಕೆ ತೊಟ್ಟಿಲಿಗೇ ಪ್ರಶ್ನೆಪತ್ರಿಕೆ ಕಟ್ಟುತ್ತಾರೋ ಏನೋ.

ಶನಿವಾರ ನಮ್ಮಲ್ಲಿ ಕೂರುವ ಅಭ್ಯಾಸ. ಇದನ್ನು ನಿನಗೆ ಹೇಳಿರಲಿಲ್ಲ. ನಿಜವಾದ ಪರೀಕ್ಷೆಯ ಹಾಗೆ ಮೂರು ಗಂಟೆ ಕೂತು ಬರೆಯಬೇಕು. ಎದ್ದು ಹೋಗಬಾರದೆಂದು ಕಟ್ಟುನಿಟ್ಟೇನಿಲ್ಲ, ಆದರೆ ಒಂದು ಸಲವೂ ಏಳದೆ ಕೂತವರಿಗೆ ಕೊನೆಯಲ್ಲಿ ಚಿನ್ನದ ಬಣ್ಣದ ನಕ್ಷತ್ರದ ಸ್ಟಿಕರ್, ಎಲ್ಲರಿಂದ ಚಪ್ಪಾಳೆ. ಈ ಉಪಾಯ ನನ್ನದೇ. ಮೊದಲು ಮಕ್ಕಳು ಹತ್ತು ನಿಮಿಷಕ್ಕೊಮ್ಮೆ ನೀರಿನ ಕ್ಯಾನಿನ ಹತ್ತಿರ ಸಭೆ ಸೇರುತ್ತಿದ್ದರು. ಸ್ಟಿಕರ್ ಬಂದ ಮೇಲೆ ಕ್ಯಾನಿನ ನೀರು ಹಾಗೇ ಉಳಿಯತೊಡಗಿತು. ಒಬ್ಬ ತಂದೆ ಬಂದು ಕೈಮುಗಿದರು: "ನನ್ ಮಗ ಮನೇಲಿ ಊಟಕ್ಕೂ ಕೂರಲ್ಲ ಮಿಸ್, ಅದೇನ್ ಮಂತ್ರ ಹಾಕಿದ್ರಿ?" ನಾನು ಉಬ್ಬಿಹೋದೆ.

ನಮ್ಮ ಚೂಟಿಗೆ ಮಾತ್ರ ಆ ನಕ್ಷತ್ರ ಒಲಿದಿರಲಿಲ್ಲ. ನಿನ್ನ ಮಗಳ ಬಗ್ಗೆ ನಿನಗೆ ಹೇಳಬೇಕೇ? ಅವಳ ಕುರ್ಚಿಯಲ್ಲಿ ಮುಳ್ಳಿದೆಯೇ ಎಂದು ಭಾವ ಹುಡುಕುತ್ತಿದ್ದರಲ್ಲ, ನಮ್ಮನೆಗೆ ಬಂದು ಈ ಸೆಂಟರಿಗೆ ಸೇರಿದ ಮೇಲೂ ಅದೇ ಕಥೆ. ಪೆನ್ಸಿಲ್ ಬೀಳಿಸುವುದು, ಹೆಕ್ಕುವುದು, ನೀರು ಕುಡಿಯುವುದು, ಕಿಟಕಿಯಲ್ಲಿ ಬಗ್ಗಿ ಟೈರಿಗೆ ಗಾಳಿ ಹಾಕುವುದನ್ನು ನೋಡುವುದು. ಬೇರೆ ಮಕ್ಕಳು ಪಕ್ಷಪಾತ ಅನ್ನಬಾರದು ಎಂದು ಮೊದಲ ದಿನವೇ ಅವಳಿಗೆ ಹೇಳಿದ್ದೆ: "ಮನೇಲಿ ಚಿಕ್ಕಮ್ಮ. ಇಲ್ಲಿ ಮಿಸ್. ತಿಳೀತಾ?" ಅವಳಿಗೆ ಅದೊಂದು ಆಟವಾಗಿತ್ತು. ಅಂಗಡಿಯ ಪಕ್ಕದ ಮೆಟ್ಟಿಲು ಹತ್ತುತ್ತ ಚಿಕ್ಕಮ್ಮ, ಚಿಕ್ಕಮ್ಮ ಎಂದು ತಲೆ ತಿನ್ನುತ್ತಿದ್ದವಳು ಕೊನೆಯ ಮೆಟ್ಟಿಲಿಗೆ ಬಂದ ಕೂಡಲೇ ಗಂಟಲು ಸರಿಮಾಡಿಕೊಂಡು "ಗುಡ್ ಈವನಿಂಗ್ ಮಿಸ್" ಎನ್ನುವಳು. ಇಳಿಯುವಾಗ ಮತ್ತೆ ಚಿಕ್ಕಮ್ಮ.

ಎರಡು ವಾರದ ಹಿಂದಿನ ಶನಿವಾರ ಅವಳು ಏಳಲಿಲ್ಲ. ಮೊದಲ ಗಂಟೆ ಎಂದಿನ ಹಾಗೆ ಒದ್ದಾಡಿದಳು. ಆಮೇಲೆ ಮಂಡಿ ಜೋಡಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತವಳು ಅಲ್ಲಾಡಲಿಲ್ಲ. ಪೆನ್ಸಿಲ್ ಬಿತ್ತು, ಹೆಕ್ಕಲಿಲ್ಲ. ಅಬ್ಬಾ, ಅಂತೂ ದಾರಿಗೆ ಬಂದಳು ಎಂದುಕೊಂಡೆ. ನಿನಗೆ ಫೋನ್ ಮಾಡಿ ಹೇಳುವ ಮಾತುಗಳನ್ನೂ ಮನಸ್ಸಿನಲ್ಲೇ ಜೋಡಿಸಿಟ್ಟೆ. ಬೆಲ್ಲಾದ ಮೇಲೆ ಅವಳ ಡೆಸ್ಕಿನ ಪಕ್ಕ ನಿಂತು, ಇದ್ದಬದ್ದ ಗಂಟಲೆಲ್ಲ ಹಾಕಿ ಹೇಳಿದೆ: "ನೋಡ್ರೋ ಎಲ್ಲರೂ. ಇವಳೇ ಕೂತ್ಲು ಅಂದ್ರೆ ನಿಮಗೇನ್ರೋ ಕಷ್ಟ?" ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೇ ಅವಳ ಅಂಗಿಯ ಮೇಲೆ ನಕ್ಷತ್ರ ಅಂಟಿಸಿದೆ. ಅವಳು ತಲೆ ಎತ್ತಲಿಲ್ಲ, ನಾಚಿಕೆ ಎಂದುಕೊಂಡೆ.

ಮಕ್ಕಳೆಲ್ಲ ಹೋದರು. ಅವಳು ಇನ್ನೂ ಕೂತೇ ಇದ್ದಳು. "ಸಾಕು ಏಳೇ, ಬೀಗ ಹಾಕ್ಬೇಕು" ಎಂದೆ. "ನೀವು ಮುಂದೆ ಹೋಗಿ ಮಿಸ್, ಆಮೇಲೆ ಬರ್ತೀನಿ" ಎಂದಳು. ಆಗ ಅವಳ ಮುಖ ನೋಡಿದೆ, ತುಟಿ ಬೆಳ್ಳಗಾಗಿತ್ತು. ಎಬ್ಬಿಸಿದೆ. ಅಕ್ಕ, ನಿನ್ನ ಮಗಳು ದೊಡ್ಡವಳಾಗಿದ್ದಾಳೆ. ಬೆಂಚಿನ ಮೇಲೆ, ಆ ಬೂದು ಸ್ಕರ್ಟಿನಲ್ಲಿ, ಎರಡು ಗಂಟೆಯ ಕಾಲ ಹೊಟ್ಟೆನೋವು ತಡೆದುಕೊಂಡು ಕೂತೇ ಇದ್ದಳು. ಅದರ ಮೇಲೆ ನಾನು ಎಲ್ಲರ ಕಣ್ಣನ್ನೂ ಅವಳ ಕಡೆಗೇ ತಿರುಗಿಸಿದ್ದೆ.

ನನ್ನ ಸ್ವೆಟರನ್ನು ಅವಳ ಸೊಂಟಕ್ಕೆ ಕಟ್ಟಿ, ಬೆಂಚು ಒರೆಸಿ, ಅವಳ ಹಿಂದೆಯೇ ಅಂಟಿಕೊಂಡು ಮೆಟ್ಟಿಲು ಇಳಿದೆ. ಮನೆಯಲ್ಲಿ ಬಿಸಿನೀರು ಕಾಯಿಸಿಕೊಟ್ಟೆ. ನೀನು ಎಲ್ಲವನ್ನೂ ಮೊದಲೇ ವಿವರವಾಗಿ ಹೇಳಿಕೊಟ್ಟಿದ್ದೆಯಂತೆ, ರಕ್ತ ನೋಡಿ ಅವಳು ಹೆದರಲಿಲ್ಲ. "ಅಮ್ಮಂಗೆ ಫೋನಲ್ಲಿ ಹೇಳ್ಬೇಡಿ, ಡ್ಯೂಟಿ ಬಿಟ್ಟು ಓಡಿ ಬರ್ತಾಳೆ" ಎಂದಳು. ಮಾತು ಕೊಟ್ಟೆ. ಕಾಗದದಲ್ಲಿ ಬರೆಯುವುದಿಲ್ಲ ಎಂದು ಮಾತು ಕೊಟ್ಟಿರಲಿಲ್ಲ.

ಡೈರೆಕ್ಟರಿಗೆ ಹೇಳಿ, ಈ ನಕ್ಷತ್ರದ ಆಟ ನಿಲ್ಲಿಸೋಣ ಎಂದೆ. ಆತ ಕೆಟ್ಟವರಲ್ಲ, ಪಾಪ, ಬಹಳ ನೊಂದುಕೊಂಡರು. ಆಮೇಲೆ ಸ್ವಲ್ಪ ಯೋಚಿಸಿ, "ಹೆಣ್ಮಕ್ಕಳಿಗೆ ಒಂದ್ಸಲ ಏಳೋಕೆ ವಿನಾಯಿತಿ ಕೊಡೋಣ ಮಿಸ್, ಅವರಿಗೆ ಬೆಳ್ಳಿ ಬಣ್ಣದ ಸ್ಟಿಕರ್ ಮಾಡ್ಸೋಣ" ಎಂದರು. ಮಾರ್ಕರ್ ಎತ್ತಿಕೊಂಡು ಕ್ಲಾಸಿಗೆ ಹೋದೆ.

ಮುಂದಿನ ವರ್ಷದ ಬ್ಯಾಚಿಗೂ ಅವಳನ್ನು ಸೇರಿಸು ಎಂದು ನೀನು ಕೇಳುತ್ತಲೇ ಇದ್ದೀಯ. ನಿನ್ನ ಮಾತು ಮರೆತಿಲ್ಲ: "ಡಾಕ್ಟರ ಹಿಂದೆ ಟ್ರೇ ಹಿಡ್ಕೊಂಡು ಓಡಿ ಓಡಿ ನನ್ನ ಕಾಲು ಸವೆದುಹೋಯ್ತು. ನನ್ನ ಮಗಳು ಮುಂದೆ ನಡೀಲಿ." ನಡೆಯಲಿ ಅಕ್ಕ, ನನಗೂ ಅದೇ ಆಸೆ. ಆದರೆ ನಾಳೆ ಡಾಕ್ಟರಾಗಿ ಎಲ್ಲಿ ನೋವು ಎಂದು ರೋಗಿಯನ್ನು ಕೇಳಬೇಕಾದವಳು ನನ್ನ ಹತ್ತಿರ ಕಲಿತದ್ದು, ನೋವಾದರೂ ಬಾಯಿಬಿಡದೆ ಕೂರುವುದನ್ನು. ಶಾಲೆಯ ಪರೀಕ್ಷೆ ಮುಗಿದ ಕೂಡಲೇ ಬಂದು ಕರೆದುಕೊಂಡು ಹೋಗು. ಓದುವುದಕ್ಕೆ ಅವಳಿಗೆ ಇನ್ನೂ ಬೇಕಾದಷ್ಟು ಕಾಲವಿದೆ. ನಾನು ಈ ಬ್ಯಾಚ್ ಮುಗಿಸಿ ಸಂಜೆಯ ಕೆಲಸ ಬಿಡುತ್ತೇನೆ.

ಸಿಟ್ಟು ಬಂದರೆ ಬೈದುಬಿಡು, ಒಳಗಿಟ್ಟುಕೊಳ್ಳಬೇಡ. ಭಾವನಿಗೆ ನಮಸ್ಕಾರ ಹೇಳು. ನಿನ್ನ ಕಾಲುನೋವು ಕಡಿಮೆಯಾಗಲಿ, ನೀವಿಬ್ಬರೂ ನೂರು ಕಾಲ ಸುಖವಾಗಿರಿ. ದೊಡ್ಡವಳು ನೀನು, ಅಲ್ಲಿಂದಲೇ ನನ್ನ ತಲೆಯ ಮೇಲೊಮ್ಮೆ ಕೈಯಿಟ್ಟು ಹರಸಿಬಿಡು.

ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಅವತ್ತು ಅವಳನ್ನು ಮಲಗಿಸುವಾಗ ಕೇಳಿದೆ, "ನಾನು ಅಲ್ಲೇ ಓಡಾಡ್ತಿದ್ನಲ್ಲೇ, ಒಂದು ಸಲ ಕರೀಬಾರ್ದಾಗಿತ್ತಾ?" ಗೋಡೆಯ ಕಡೆ ತಿರುಗಿಕೊಂಡೇ ಹೇಳಿದಳು: "ಚಿಕ್ಕಮ್ಮ ಇದ್ದಿದ್ರೆ ಕರೀತಿದ್ದೆ." ಅದಾದ ಮೇಲೆ ಮನೆಯಲ್ಲೂ ಅವಳು ನನ್ನನ್ನು ಚಿಕ್ಕಮ್ಮ ಎಂದು ಕರೆದಿಲ್ಲ. ಬೇಕೆಂದು ಮಾಡುತ್ತಿಲ್ಲ, ಅವಳಿಗೆ ಗೊತ್ತೇ ಇಲ್ಲವೇನೋ. ಇವತ್ತು ಬೆಳಿಗ್ಗೆ ಹಾಲು ಬಗ್ಗಿಸುತ್ತ ಇನ್ನೂ ಸ್ವಲ್ಪ ಬೇಕಾ ಎಂದೆ. "ಸಾಕು ಮಿಸ್" ಎಂದಳು.