ಡಬ್ಬಿಯೊಳಗಿನ ಆಕಾಶ

6-4-1978, ಗುರುವಾರ

ವಾರಪತ್ರಿಕೆಯ ಮೂರನೇ ಪುಟ ಎರಡು ಸಾಲು ಕಮ್ಮಿ ಬಿತ್ತು. ಎಂದಿನಂತೆ ಬಿಸ್ಕತ್ತಿನ ಡಬ್ಬಿ ತೆರೆದೆ. ಅಚ್ಚಿನ ಮೊಳೆ ಜೋಡಿಸಿ ದಾರ ಕಟ್ಟಿಟ್ಟ ಸಾಲುಗಳು. ಎಲ್ಲವೂ ಆಕಾಶ, ಎಲ್ಲವೂ ನನ್ನದೇ ರಚನೆ. ಗಣ್ಯರು ತೀರಿಕೊಂಡರೆ ‘ಬಾನು ಕಣ್ಣೀರಿಟ್ಟಿತು’. ಸೊಸೈಟಿ ಎಲೆಕ್ಷನ್ನಿಗೆ ‘ಕಾರ್ಮೋಡ ಕವಿದಿದೆ’. ಬರೀ ಜಾಗ ತುಂಬಿಸಲು— ‘ನಿರಭ್ರ ನೀಲ ಗಗನ ನಗೆ ಬೀರಿದೆ. ವಾರವಿಡೀ ಬಿಸಿಲಿನ ಹಬ್ಬ.’ ಅದನ್ನೇ ಕೂರಿಸಿದೆ. ಹೊರಗೆ ಹೋಗಿ ನೋಡಲಿಲ್ಲ. ಯಾಕೆ ನೋಡಬೇಕು? ಕವಿತೆ ತಾನೆ.

ಸಂಪಾದಕ ಸೋಮಶೇಖರಪ್ಪನವರು ಪ್ರೂಫ್ ನೋಡಿ, “ಭೇಷ್ ಕಣೋ ತೀರ್ಥಪ್ಪ” ಅಂದರು. ಸಾಕು. ಎರಡು ದಿನ ಊಟ ರುಚಿಸುತ್ತೆ.

10-4, ಸೋಮವಾರ

ನಿನ್ನೆ ಆಲಿಕಲ್ಲು ಮಳೆ. ಪ್ರೆಸ್ಸಿನ ಹೆಂಚು ಎರಡು ಒಡೆದಿವೆ. ತರೀಕೆರೆ ತಂಪಾಯ್ತು. ಒಳ್ಳೆ ನಿದ್ದೆ.

13-4, ಗುರುವಾರ, ಸಂಜೆ

ಬುಕ್ಕಾಂಬುಧಿಯಿಂದ ಕೆಂಚಮ್ಮ ಅನ್ನೋ ಹೆಂಗಸು ಬಂದಿದ್ದಳು. ಎರಡು ಬಸ್ ಬದಲಾಯಿಸಿ. ಮೊಣಕಾಲತನಕ ಕೆಸರು.

“ಆಕಾಸ ಬರೆಯೋರು ಯಾರ್ರೀ?”

ನಾನೇ ಅಂದೆ. ಹೆಮ್ಮೆಯಿಂದಲೇ ಅಂದೆ, ಥೂ.

“ಈ ವಾರದ್ದು ಏನಂತ ಬರ್ದೀರಿ? ಮತ್ತೆ ಇಟ್ಟಿಗೆ ಹಾಕ್ಬೇಕು. ಹೋದ ಸಲದ್ದೆಲ್ಲ ಮಳೆಗೆ ಕರಗಿ ಹೋಯ್ತು.”

ಮಗಳ ಬಾಣಂತನಕ್ಕೊಂದು ಕೋಣೆ ಕಟ್ಟಬೇಕಂತೆ. ಜ್ಯೇಷ್ಠದಲ್ಲಿ ಹೆರಿಗೆ. ಕೆರೆ ಮಣ್ಣು ತುಳಿದು ಎರಡು ಸಾವಿರ ಹಸಿ ಇಟ್ಟಿಗೆ ಹಾಕಿದ್ದಳು. ಅಂಗಡಿ ಹನುಮಂತಯ್ಯ ಪೇಪರ್ ಓದಿ ಹೇಳಿದ— ವಾರವಿಡೀ ಬಿಸಿಲು. ಅದನ್ನು ನಂಬಿ ಇವಳು ತೆಂಗಿನ ಗರಿ ಮುಚ್ಚಲಿಲ್ಲ.

ಹೇಳಿಬಿಟ್ಟೆ. “ಅದು ಸುದ್ದಿಯಲ್ಲಮ್ಮ. ಜಾಗ ತುಂಬಿಸೋಕೆ ಹಾಕಿದ್ದು.”

“ನೋಡ್ದೆ ಬರ್ದ್ರಾ?”

ನಾಚಿಕೆಗೆಟ್ಟು, “ನೀವಾದ್ರೂ ಮೋಡ ನೋಡ್ಬಹುದಿತ್ತಲ್ಲ” ಅಂದೆ.

“ನೋಡಿದ್ದೆ ಕಣಪ್ಪ. ಮೋಡ ಕಾಣ್ತಿತ್ತು. ಅಚ್ಚಾಗಿರೋದು ಸುಳ್ಳಾಗುತ್ತಾ, ನನ್ನ ಕಣ್ಣೇ ಮಂಜಾಗಿರ್ಬೇಕು ಅಂದ್ಕೊಂಡೆ.”

ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

14-4

ಮುಂದಿನ ಸಂಚಿಕೆಗೆ ತಿದ್ದುಪಡಿ ಹಾಕೋಣ ಅಂದೆ. ಸೋಮಶೇಖರಪ್ಪನವರು ಬಿದ್ದು ಬಿದ್ದು ನಕ್ಕರು. “ಆಕಾಶಕ್ಕೆ ತಿದ್ದುಪಡಿನಾ? ತಲೆಗಿಲೆ ಕೆಟ್ಟಿದೆಯೇನೋ! ಹಂಗಾದ್ರೆ ಕವಿಗಳೆಲ್ಲ ಕೋರ್ಟಿಗೆ ಹೋಗ್ಬೇಕಾಗುತ್ತೆ.”

ಡಬ್ಬಿಯ ದಾರಗಳನ್ನೆಲ್ಲ ಬಿಚ್ಚಿದೆ. ಹದಿನಾಲ್ಕು ಆಕಾಶ. ಮೊಳೆಗಳನ್ನು ಅವುಗಳ ಖಾನೆಗೆ ಹಾಕಿದೆ. ಒಂದನ್ನಾದರೂ ಉಳಿಸಿಕೊಳ್ಳೋಣ ಅನ್ನಿಸಿತು, ಸುಳ್ಳೇಕೆ.

4-5

ಭಾನುವಾರ ಬುಕ್ಕಾಂಬುಧಿಗೆ ಹೋಗಿದ್ದೆ. ಕೆಂಚಮ್ಮ ಮತ್ತೆ ಮಣ್ಣು ತುಳಿಯುತ್ತಿದ್ದಾಳೆ. ನಾನೂ ಪಂಚೆ ಎತ್ತಿ ಕಟ್ಟಿದೆ. ನಲವತ್ತು ಇಟ್ಟಿಗೆ ಹಾಕುವಷ್ಟರಲ್ಲಿ ಸೊಂಟ ಹೋಯ್ತು. “ಪೇಪರ್ನೋರೇ, ಎಲ್ಲಾ ಸೊಟ್ಟ ಕಣ್ರೀ!” ಅಂತ ನಕ್ಕಳು. ಸದ್ಯ, ನಕ್ಕಳು.

ಮಗಳು ಬಂದಾಗಿದೆ. ದನದ ಕೊಟ್ಟಿಗೆ ಪಕ್ಕ ಮಲಗುತ್ತಾಳೆ.

18-5, ಗುರುವಾರ, ಸಂಜೆ ಐದು

ಮೂರನೇ ಪುಟ ಮತ್ತೆ ಎರಡು ಸಾಲು ಕಮ್ಮಿ. ಈಗ ರೂಢಿ— ಮೊದಲು ಬೀದಿಗಿಳಿದು ನೋಡುವುದು. ಬುಕ್ಕಾಂಬುಧಿ ಕಡೆ, ಅಜ್ಜಂಪುರದ ದಿಕ್ಕು ಕಪ್ಪು. ಗಾಳಿ ನಿಂತಿದೆ. ಮಳೆ ಖಂಡಿತ.

‘ಮೋಡವಿದೆ. ಹಸಿ ಇಟ್ಟಿಗೆ ಇದ್ದವರು ಮುಚ್ಚಿರಿ.’ ಜೋಡಿಸಿದೆ. ನನ್ನ ಜನ್ಮದಲ್ಲೇ ಮೊದಲ ನಿಜವಾದ ಸಾಲು. “ಇದೆಂಥಾ ಕಾವ್ಯನೋ?” ಅಂದರು ಸೋಮಶೇಖರಪ್ಪನವರು. ಇರಲಿ ಬಿಡಿ ಅಂದೆ.

ಆದರೆ ಪತ್ರಿಕೆ ಬುಕ್ಕಾಂಬುಧಿಗೆ ಮುಟ್ಟುವುದು ಶನಿವಾರ. ಮಳೆ ಇವತ್ತು. ಅಷ್ಟು ಇಟ್ಟಿಗೆಗೆ ಗರಿ ಹೊರಬೇಕು, ಕೆಂಚಮ್ಮ ಒಬ್ಬಳೇ, ಮಗಳು ತುಂಬಿದ ಬಸುರಿ. ಐದೂಕಾಲಿಗೆ ಅಜ್ಜಂಪುರದ ಬಸ್ಸು, ಅಲ್ಲಿಂದ ಇನ್ನೊಂದು. ಕೈಯ ಮಸಿ ತೊಳೆದಿಲ್ಲ, ಹೋಗಲಿ. ಅಗೋ ಹಾರ್ನ್—