ನಡುವಿನಿಂದ ಜೋಡಿಸುವವಳು

ಫ್ರೇಜರ್ ಟೌನ್, ಬೆಂಗಳೂರು
26 ಜುಲೈ 2025, ಶನಿವಾರ

ಪ್ರೀತಿಯ ಆತಿಕಾ ಆಪಾಗೆ, ನಿನ್ನ ತಂಗಿ ಗುಲ್ಷನ್ ಮಾಡುವ ಸಲಾಮುಗಳು.

ಮೂವತ್ತೇಳು ವರ್ಷಗಳ ಮೇಲೆ ನಿನಗೆ ಬರೆಯುತ್ತಿದ್ದೇನೆ. ಹಲಸೂರಿನ ಶಾಲೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಕಾಲ ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು. ಪತ್ರ ಬರೆಯುವುದು ಹೇಗೆಂದು ಪ್ರತಿ ವರ್ಷವೂ ಬೋರ್ಡಿನ ಮೇಲೆ ಬರೆದು ತೋರಿಸಿದವಳು. ಈಗ ನೋಡು, ಮೊದಲ ಸಾಲಿಗೇ ಮೂರು ಹಾಳೆ ಹರಿದೆ. ಫೋನನ್ನು ಮುಟ್ಟುವ ಧೈರ್ಯವಿಲ್ಲದ್ದರಿಂದ ಕಾಗದ ಹಿಡಿದಿದ್ದೇನೆ. ಏಕೆಂದು ನಿನಗೆ ಗೊತ್ತಿರಬಹುದು, ಆದರೂ ಹೇಳುತ್ತೇನೆ.

ನನ್ನ ಮನೆಯವರು, ಬಷೀರ್, ಹೋದ ವರ್ಷ ತೀರಿಕೊಂಡರು. ಆಮೇಲೆ ನನಗೆ ಬಿಪಿ ಏರಿತು, ನಿದ್ದೆ ಕೆಟ್ಟಿತು. ಮಗ ರಿಜ್ವಾನ್ ಈ ಫೆಬ್ರವರಿಯಲ್ಲಿ ನನ್ನ ಫೋನಿಗೆ ಒಂದು ಆಟ ಹಾಕಿಕೊಟ್ಟ. ಒಂದು ಚಿತ್ರವನ್ನು ನೂರಾರು ಚೂರು ಮಾಡಿ ಕೊಡುತ್ತದೆ, ಬೆರಳಿನಿಂದ ಸರಿಸಿ ಸರಿಸಿ ನಾವು ಕೂಡಿಸಬೇಕು. ಹಿಂದೆ ಮೆಲ್ಲಗೆ ನೀರು ಹರಿಯುವ ಸದ್ದು, ಎಲ್ಲೋ ಒಂದು ಹಕ್ಕಿ. "ಗೆಲ್ಲೋದು ಸೋಲೋದು ಏನಿಲ್ಲ ಅಮ್ಮೀ, ಸುಮ್ನೆ ಆಡ್ತಾ ಇರಿ, ತಲೆ ಹಗುರ ಆಗತ್ತೆ" ಎಂದ. ನಿಜವಾಗಿಯೂ ಹಗುರವಾಯಿತು. ಮಧ್ಯಾಹ್ನ ನಾಲ್ಕು ಗಂಟೆಗೆ ಚಹಾ ಇಟ್ಟುಕೊಂಡು ಕೂತರೆ ಒಂದು ದೀಪಸ್ತಂಭವೋ, ಬೆಕ್ಕಿನ ಮರಿಗಳೋ, ಹೂವಿನ ತೋಟವೋ ಕೈಕೆಳಗೆ ಮೂಡುತ್ತಿತ್ತು.

ಒಂದು ವಾರ ಕಳೆಯಿತು. ಒಂದು ದಿನ ನಾನು ಮುಟ್ಟದೆಯೇ ಒಂದು ಚೂರು ಸರಿಯಿತು. ಚಿತ್ರದ ನಟ್ಟನಡುವೆ ಹೋಗಿ ಕೂತಿತು. ಹಿಂದೆಯೇ ಇನ್ನೊಂದು. ಇಬ್ಬರು ಸೇರಿ ಆಡುವ ಆಟವೂ ಇದೆಯೇನೋ, ಯಾವುದೋ ಊರಿನ ಯಾರೋ ಸೇರಿಕೊಂಡಿದ್ದಾರೆ ಎಂದುಕೊಂಡೆ. ಖುಷಿಯೇ ಆಯಿತು. ದಿನವೂ ನಾಲ್ಕಕ್ಕೆ ಸರಿಯಾಗಿ ಬರುತ್ತಿದ್ದರು. ನಾನು ಅಂಚಿನಿಂದ ಬರುತ್ತಿದ್ದೆ, ಅವರು ನಡುವಿನಿಂದ. ಎಲ್ಲೋ ಮಧ್ಯದಲ್ಲಿ ಕೂಡುತ್ತಿದ್ದೆವು.

ಆಗಲೇ ನನಗೆ ಅನುಮಾನ ಬರಬೇಕಿತ್ತು ಆಪಾ. ಅಬ್ಬಾನ ಹಣ್ಣಿನಂಗಡಿಯಿಂದ ಹಳೇ ಕ್ಯಾಲೆಂಡರ್ ತಂದು, ರಟ್ಟಿಗೆ ಅಂಟಿಸಿ, ಕತ್ತರಿಯಲ್ಲಿ ಚೂರು ಮಾಡಿ ನೀನು ನನ್ನನ್ನು ಆಡಿಸುತ್ತಿದ್ದೆ. ಮೊದಲು ಮುಖ ಹುಡುಕು, ಮಿಕ್ಕಿದ್ದೆಲ್ಲ ತಾನಾಗಿ ಬರುತ್ತದೆ ಎನ್ನುತ್ತಿದ್ದೆ. ನಡುವಿನಿಂದ ಶುರು ಮಾಡುವವರನ್ನು ನಿನ್ನ ಹೊರತು ನಾನು ಕಂಡಿರಲಿಲ್ಲ.

ಜೂನ್ ತಿಂಗಳಲ್ಲಿ ಚಿತ್ರಗಳು ಬದಲಾದವು. ಒಂದು ದಿನ ಕೂಡಿಸಿ ಮುಗಿಸಿದಾಗ ಎದುರಿಗಿದ್ದದ್ದು ರಸೆಲ್ ಮಾರುಕಟ್ಟೆಯ ಹಿಂದಿನ ನಮ್ಮ ಮನೆಯ ಮೆಟ್ಟಿಲು. ಮೂರನೆಯ ಮೆಟ್ಟಿಲಿನ ಮೂಲೆ ಒಡೆದಿತ್ತು. ಆ ಮನೆಯನ್ನು ಕೆಡವಿ ಹನ್ನೆರಡು ವರ್ಷವಾಯಿತು. ಎಲ್ಲ ಹಳೇ ಮನೆಗಳೂ ಹೀಗೇ ಇರುತ್ತವೆ ಎಂದು ಸಮಾಧಾನ ಮಾಡಿಕೊಂಡೆ. ಮರುದಿನ ಬಂದದ್ದು ದಾಳಿಂಬೆ ತೂಗುತ್ತಿರುವ ಒಂದು ಕೈ, ಉಗುರು ಕಪ್ಪಾದ ಹೆಬ್ಬೆರಳು. ಅಬ್ಬಾನ ಕೈ. ಅಬ್ಬಾ ಜೀವಮಾನದಲ್ಲಿ ಅಂಗಡಿಯಲ್ಲಿ ಫೋಟೋ ತೆಗೆಸಿಕೊಂಡವರಲ್ಲ.

ಮೂರನೆಯ ದಿನ ಆ ಕಡೆಯಿಂದ ಒಂದು ಚೂರೂ ಸರಿಯಲಿಲ್ಲ. ಆದರೆ ಯಾರೋ ನೋಡುತ್ತಿದ್ದಾರೆ ಎಂದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ನೀರಿನ ಸದ್ದೂ ನಿಂತಿತ್ತು. ನಾನೊಬ್ಬಳೇ ಕೂಡಿಸಿದೆ. ನೀಲಿ ಇನ್‌ಲ್ಯಾಂಡ್ ಕಾಗದ, ನಿನ್ನ ದುಂಡನೆಯ ಕನ್ನಡ ಅಕ್ಷರ. ಎಲ್ಲ ಸಾಲುಗಳೂ ಇದ್ದವು.

ಆ ಕಾಗದವನ್ನು ನಾನು ನನ್ನ ಕೈಯಾರೆ ಒಲೆಗೆ ಹಾಕಿದ್ದೆ ಆಪಾ.

ನಿನಗೆ ಎಂದೂ ಗೊತ್ತಾಗಿರಲಾರದು ಎಂದುಕೊಂಡಿದ್ದ ಮಾತನ್ನು ಈಗ ಬರೆಯುತ್ತೇನೆ. ಬಷೀರ್ ಜೊತೆಗಿನ ಮದುವೆ ಒಲ್ಲೆನೆಂದು ನೀನು ಮನೆ ಬಿಟ್ಟು ಗರುಡಾಚಾರ್‌ಪಾಳ್ಯದ ಕಾರ್ಖಾನೆಗೆ ಕೆಲಸಕ್ಕೆ ಸೇರಿದೆ. ಮೂರು ತಿಂಗಳ ಮೇಲೆ ನಿನ್ನ ಕಾಗದ ಬಂತು. ನನಗಾಗ ಇಪ್ಪತ್ನಾಲ್ಕು ವರ್ಷ. ಅಬ್ಬಾಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಾನು ಓದಿ ಹೇಳುತ್ತೇನೆ ಎಂಬ ನಂಬಿಕೆಯಿಂದಲೇ ನೀನು ಬರೆದಿದ್ದೆ. ಅಬ್ಬಾ ಅಂಗಡಿ ಮುಚ್ಚಿ ಬಂದು, ಕೈ ಕೂಡ ತೊಳೆಯದೆ ನನ್ನೆದುರು ಕೂತು, "ಏನ್ ಬರ್ದಿದ್ದಾಳೆ? ನಿಧಾನಕ್ಕೆ ಓದಮ್ಮಾ" ಎಂದರು.

ನೀನು ಬರೆದಿದ್ದದ್ದು ಇದು: "ಅಬ್ಬಾ, ನನಗೆ ಆ ಮದುವೆ ಬೇಡ, ಆದರೆ ಮನೆ ಬೇಕು. ಬಾ ಅಂತ ಒಂದು ಮಾತು ಹೇಳಿಕಳಿಸಿ, ಬಂದುಬಿಡುತ್ತೇನೆ. ಒಂದು ತಿಂಗಳು ಕಾಯುತ್ತೇನೆ."

ನಾನು ಓದಿದ್ದು ಇದು: "ನಾನು ಸುಖವಾಗಿದ್ದೇನೆ. ನನ್ನನ್ನು ಹುಡುಕಬೇಡಿ. ಆ ಮನೆಗೂ ನನಗೂ ಇನ್ನು ಸಂಬಂಧವಿಲ್ಲ."

ಓದುವಾಗ ನನ್ನ ದನಿ ನಡುಗಲಿಲ್ಲ. ಅಬ್ಬಾ "ಇನ್ನೊಂದ್ಸಲ ಓದು" ಎಂದರು. ಇನ್ನೊಂದು ಸಲವೂ ಅದನ್ನೇ ಓದಿದೆ. ಅಂದಿನಿಂದ ಅವರು ನಿನ್ನ ಹೆಸರೆತ್ತಲಿಲ್ಲ. ಹಾಗೆಯೇ ತೀರಿಕೊಂಡರು.

ಏಕೆ ಎಂದು ಕೇಳುತ್ತೀಯಾ? ಮುಂದಿನ ತಿಂಗಳು ನನಗೂ ಬಷೀರ್‌ಗೂ ನಿಕಾಹ್ ಗೊತ್ತಾಗಿತ್ತು. ನೀನು ಅವರನ್ನು ಬೇಡ ಎಂದಿದ್ದೆ. ಅವರು ನಿನ್ನನ್ನು ಬೇಡ ಎಂದಿರಲಿಲ್ಲ. ನೀನು ಮನೆಗೆ ಬಂದರೆ ಅವರು ನನ್ನ ಕಡೆ ನೋಡುವುದಿಲ್ಲ ಎಂಬ ಹೆದರಿಕೆ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ನನ್ನ ಬಳಿ ಇಲ್ಲ.

ಕಾಗದದ ಹಿಂಬದಿಯ ವಿಳಾಸ ನನಗೆ ಮರೆತಿರಲಿಲ್ಲ. ಕಳೆದ ಶನಿವಾರ ಹಲಸೂರಿನಲ್ಲಿ ಮೆಟ್ರೋ ಹತ್ತಿ ಗರುಡಾಚಾರ್‌ಪಾಳ್ಯದಲ್ಲಿ ಇಳಿದೆ. ಇಷ್ಟು ಹತ್ತಿರವಿದ್ದೆಯಾ ನೀನು? ಅರ್ಧ ಗಂಟೆಯೂ ಹಿಡಿಯಲಿಲ್ಲ. ಆ ವಠಾರದ ಒಡತಿ ಅಂಜಿನಮ್ಮ ಬಾಗಿಲಲ್ಲೇ ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದರು. ನಿನ್ನ ಹೆಸರು ಹೇಳಿದೆ. ಅವರ ಕೈ ನಿಂತಿತು. "ಅಯ್ಯೋ, ನಿಮ್ಗೆ ಗೊತ್ತಿಲ್ವೇನಮ್ಮಾ? ಆತಿಕಮ್ಮ ಹೋದ ನವೆಂಬರಲ್ಲೇ ಹೋಗ್ಬಿಟ್ರು. ಮಗ್ಳು ಹಿಂದಿನ್ ಮನೇಲಿದ್ದಾಳೆ, ಹೋಗಿ ಮಾತಾಡ್ಸಿ" ಎಂದರು.

ನವೆಂಬರ್. ನಾನು ಆಟ ಶುರು ಮಾಡಿದ್ದು ಫೆಬ್ರವರಿಯಲ್ಲಿ. ಹಿಂದಿನ ಮನೆಯ ಕಡೆ ನಡೆದೆ.

ಶಿರೀನ್ ನಿನ್ನ ಹಾಗೆಯೇ ಹುಬ್ಬು ಕೂಡಿಸಿ ನೋಡುತ್ತಾಳೆ. ನಿನ್ನ ಹಳೇ ಪರಿಚಯದವಳು ಎಂದಷ್ಟೇ ಹೇಳಿದೆ, ಒಳಗೆ ಕರೆದು ನಿನ್ನ ಮಂಚದ ಎದುರು ಕುರ್ಚಿ ಹಾಕಿದಳು. ನೀನು ಕೈಹಿಡಿದ ಉಮೈರ್ ಭಾಯಿ ನಾಲ್ಕು ವರ್ಷದ ಹಿಂದೆಯೇ ಹೋದರಂತೆ. ಆಸ್ಪತ್ರೆಯ ದಿನಗಳಲ್ಲಿ ನೀನು ಏನು ಮಾಡುತ್ತಿದ್ದೆ ಎಂದು ಕೇಳಿದೆ. "ಫೋನಲ್ಲಿ ಚಿತ್ರ ಜೋಡ್ಸೋ ಆಟ ಆಂಟಿ. ನೋವು ಮರ್ತುಹೋಗತ್ತೆ ಅಂತಿದ್ರು. ಆ ಫೋನು ಬೀರುವಲ್ಲೇ ಇದೆ. ಅವ್ರು ಹೋದ್ಮೇಲೆ ಆನ್ ಮಾಡೋಕೆ ಮನಸ್ಸಾಗ್ಲಿಲ್ಲ" ಎಂದು ಹೇಳಿ ಚಹಾ ಮಾಡಲು ಎದ್ದಳು.

ಗೋಡೆಯ ಗಡಿಯಾರದಲ್ಲಿ ನಾಲ್ಕಾಯಿತು. ನನ್ನ ಚೀಲದೊಳಗೆ ನೀರು ಹರಿಯುವ ಸದ್ದು ಕೇಳಿತು. ನಾನು ಆಟ ತೆರೆದಿರಲಿಲ್ಲ ಆಪಾ. ಫೋನ್ ಹೊರಗೆ ತೆಗೆದೆ. ಚೂರುಗಳು ಒಂದರ ಹಿಂದೊಂದು ನಡುವಿಗೆ ಹೋಗಿ ಕೂರುತ್ತಿದ್ದವು. ನನ್ನ ಬೆರಳು ಗಾಜಿನ ಮೇಲಿರಲಿಲ್ಲ. ಶಿರೀನ್ ಲೋಟ ಹಿಡಿದು ಬಂದವಳು ಬಗ್ಗಿ ನೋಡಿ, "ನೀವೂ ನಡುವಿಂದಾನೇ ಜೋಡಿಸ್ತೀರಾ? ಅಮ್ಮೀನೂ ಹಂಗೇ" ಎಂದು ನಕ್ಕಳು. ನಾನು ಹೌದೆಂದೆ. ಅವಳು ಸಕ್ಕರೆ ತರಲು ಒಳಗೆ ಹೋದಳು.

ಅಷ್ಟರಲ್ಲಿ ಚಿತ್ರ ತುಂಬಿತ್ತು. ಇದೇ ಕೋಣೆ. ಇದೇ ಗಡಿಯಾರ. ಮಂಚದ ಮೇಲೆ ದಿಂಬಿಗೆ ಒರಗಿದವರಿಗೆ ಹೇಗೆ ಕಾಣುತ್ತದೋ ಹಾಗೆ. ಕುರ್ಚಿಯ ಮೇಲೆ ನನ್ನ ಬೂದು ಸೀರೆ, ಮಡಿಲಲ್ಲಿ ಚೀಲ. ಒಂದೇ ಒಂದು ಚೂರು ಕೆಳಗೆ ಉಳಿದಿತ್ತು, ನನ್ನ ಮುಖ. ಅದನ್ನು ನೀನು ಇಡಲಿಲ್ಲ, ನನಗೆಂದು ಬಿಟ್ಟಿದ್ದೆ.

ನಾನು ಇಡಲಿಲ್ಲ. ಫೋನನ್ನು ಬೋರಲು ಹಾಕಿದೆ. ಮಂಚದ ಕಡೆ ತಲೆಯೆತ್ತುವ ಧೈರ್ಯ ಬರಲಿಲ್ಲ.

ಮನೆಗೆ ಬಂದು ರಿಜ್ವಾನ್‌ನನ್ನು ಕೇಳಿದೆ, ಈ ಆಟದಲ್ಲಿ ಜೊತೆಗೆ ಸೇರುವವರು ಯಾರೆಂದು ತಿಳಿಯುವುದು ಹೇಗೆ ಅಂತ. ಅವನು ಎಲ್ಲ ಒತ್ತಿ ನೋಡಿ, "ಅಮ್ಮೀ, ಇದು ಒಬ್ರೇ ಆಡೋ ಆಟ. ಇನ್ನೊಬ್ರು ಸೇರೋ ಹಂಗೇ ಇಲ್ಲ" ಎಂದ. ಆವತ್ತೇ ಫೋನನ್ನು ಅವನ ಕೈಗೆ ಕೊಟ್ಟುಬಿಟ್ಟೆ.

ನೀನು ಲೆಕ್ಕ ಕೇಳಲು ಬಂದೆಯೋ, ಕ್ಷಮಿಸಲು ಬಂದೆಯೋ, ನನಗೆ ತಿಳಿಯದು. ನಾನು ಮಾಡಿದ್ದು ಇದು, ಪೂರ್ತಿ ಬರೆದಿದ್ದೇನೆ. ಇದ್ದದ್ದನ್ನು ಓದಿದ್ದರೆ ಅಬ್ಬಾ "ಬಾ" ಎನ್ನುತ್ತಿದ್ದರು ಆಪಾ. ಇನ್ನೊಂದು ಸಲ ಓದು ಎಂದಾಗ ಅವರ ಕಣ್ಣು ನೋಡಿದ್ದು ನಾನೊಬ್ಬಳೇ. ಅವರು ಖಂಡಿತ ಬಾ ಎನ್ನುತ್ತಿದ್ದರು.

ಇಂತಿ,
ನಿನ್ನ ತಂಗಿ ಎಂದು ಬರೆಯಲು ಅಳುಕುತ್ತಿರುವ
ಗುಲ್ಷನ್

ಮರೆತ ಮಾತು: ಮರೆತದ್ದಲ್ಲ, ಬರೆಯಲಾರದೆ ಬಿಟ್ಟದ್ದು. ಹೊರಡುವಾಗ ಶಿರೀನ್ ನಿನಗೂ ನನಗೂ ಎಲ್ಲಿಯ ಪರಿಚಯ ಎಂದು ಕೇಳಿದಳು. ನಿನ್ನ ಜೊತೆ ಓದಿದವಳು ಎಂದೆ. ಅವಳ ಮುಖ ಅರಳಿತು. "ಹಂಗಾದ್ರೆ ಅಮ್ಮೀ ತಂಗಿ ನಿಮ್ಗೆ ಗೊತ್ತಿರ್ಬೇಕು! ಗುಲ್ಷನ್ ಖಾಲಾ. ಇಪ್ಪತ್ನಾಲ್ಕು ವರ್ಷಕ್ಕೇ ತೀರ್ಕೊಂಡ್ರಂತೆ. ಅಮ್ಮೀ ಪ್ರತಿ ವರ್ಷ ಅವ್ರ ಹೆಸ್ರಲ್ಲಿ ಫಾತಿಹಾ ಓದ್ಸೋರು. ನಾನೂ ನಿಲ್ಸಿಲ್ಲ, ಓದಿಸ್ತೀನಿ" ಎಂದಳು. ನನಗೂ ನೆನಪಿದೆ, ಒಳ್ಳೆಯ ಹುಡುಗಿ ಎಂದೆ. ಅವಳು ನನ್ನ ಕೈ ಬಿಡದೆ, "ಮತ್ತೆ ಬನ್ನಿ ಆಂಟಿ, ಅಮ್ಮೀ ಕಡೆಯವ್ರು ಅಂತ ನಂಗೆ ಯಾರೂ ಇಲ್ಲ" ಎಂದಳು. ನಾಳೆ ಹೋಗುತ್ತೇನೆ. ಈ ಕಾಗದವನ್ನು ಅವಳ ಕೈಗೆ ಕೊಟ್ಟು, ಅವಳು ಓದಿ ಮುಗಿಸುವವರೆಗೆ ಬಾಗಿಲ ಹೊರಗೆ ನಿಂತಿರುತ್ತೇನೆ.