ಮೂಲಂಗಿ ಬ್ಯಾಂಡಿನ ಚಿಕ್ಕಮ್ಮ

ಹಮಾಮತ್ಸು
ಡಿಸೆಂಬರ್ 8, ಮಂಗಳವಾರ

ಪ್ರೀತಿಯ ಚಿಝುರು,

ನಿನ್ನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಈ ಒಂದು ವಾಕ್ಯವನ್ನು ಬಿಟ್ಟು ಪತ್ರ ಮುಗಿಸಿಬಿಡುವವಳಿದ್ದೆ. ಅಮ್ಮನ ಮಂಡಿನೋವು, ನಮ್ಮ ಇಬುಕಿಯ ಕಾಲೇಜು ಪ್ರವೇಶ, ಇಲ್ಲಿಯ ಒಣ ಗಾಳಿ ಎಲ್ಲ ಸೇರಿಸಿದ್ದರೆ ಎರಡು ಹಾಳೆ ತುಂಬುತ್ತಿತ್ತು, ನಿನಗೆ ಅನುಮಾನವೂ ಬರುತ್ತಿರಲಿಲ್ಲ. ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ಅರ್ಧ ಸುಳ್ಳಾಗುತ್ತದೆ ಅನ್ನಿಸಿ ಮೊದಲೇ ಬರೆದುಬಿಟ್ಟಿದ್ದೇನೆ.

ಈಗ ಹೇಳು, ಹೇಗಿದ್ದೀಯ? ಗಂಟಲು ಸರಿಹೋಯಿತೇ? ಹೋದ ಭಾನುವಾರ ಎರಡನೇ ಹಾಡಿನಲ್ಲಿ ನಿನ್ನ ದನಿ ಸ್ವಲ್ಪ ಒಡೆಯಿತು. ಅದು ಬೇರೆ ಯಾರಿಗೂ ಗೊತ್ತಾಗಿರಲಾರದು, ಹಿಂದಿನ ಸಾಲಿನಲ್ಲಿದ್ದ ನನಗೆ ಗೊತ್ತಾಯಿತು. ಜೇನಿನಲ್ಲಿ ನೆನೆಹಾಕಿದ ಮೂಲಂಗಿಯ ರಸ ಕುಡಿಯಬೇಕಂತೆ, ಅಮ್ಮನ ಆಜ್ಞೆ. "ಕಾಲು ಮೂಲಂಗಿ ಥರ ಇದೆ ಅಂತ ಆಟದ ಮೇಷ್ಟ್ರು ಬೈದಿದ್ದನ್ನೇ ಬ್ಯಾಂಡಿನ ಹೆಸರು ಮಾಡ್ಕೊಂಡು ಊರೂರು ಸುತ್ತುತ್ತಾಳೆ, ಒಂದು ಲೋಟ ಮೂಲಂಗಿ ರಸ ಮಾಡ್ಕೊಂಡು ಕುಡಿಯೋಕೆ ಬರಲ್ಲ ನಾಚಿಕೆ ಇಲ್ಲದೋಳಿಗೆ" ಎಂದು ಗೊಣಗುತ್ತಿದ್ದಾಳೆ. ಗೊಣಗುವಾಗಲೂ ಅವಳ ಕೊರಳಲ್ಲಿರುವುದು ನಿಮ್ಮ ಬ್ಯಾಂಡಿನ ಟವೆಲ್ಲೇ. ತೊಳೆಯಲು ಕೇಳಿದರೂ ಕೊಡುವುದಿಲ್ಲ.

ನನ್ನ ಕಚೇರಿಯ ವರ್ಷಾಂತ್ಯದ ಕೂಟ ಶುಕ್ರವಾರ ನಡೆಯಿತು. ಊಟ ಮುಗಿದ ಮೇಲೆ ಎಂದಿನಂತೆ ಕರಾವೊಕೆ ಹಾಡುವ ಕೋಣೆಗೆ ಹೋದೆವು. ಲೆಕ್ಕಪತ್ರ ವಿಭಾಗದ ಹುಡುಗಿಯರು ಮೊದಲು ಒತ್ತಿದ್ದೇ ನಿನ್ನ 'ಇಸ್ತ್ರಿ ಅಕ್ಕ'. ನಿಮ್ಮ ಹಾಡು ಬಂದಾಗ ಅವರು ಹಾಲೂ ಬಿಡದ ಕೂಸುಗಳು. ಆದರೂ ಮೂರೂ ಚರಣ ಬಾಯಿಪಾಠ. "ಅಕ್ಕಾ, ಕರ್ಚೀಫು ಮಡಿಸಿದ್ದು ಸಾಕು, ರೈಲು ಹೊರಡ್ತು ಬಾರೇ" ಎನ್ನುವ ಕಡೆ ಎಲ್ಲರೂ ಕುಣಿಯುತ್ತ ಕಿರುಚಿದರು. ಒಬ್ಬಳು ನನ್ನ ಕೈ ಹಿಡಿದೆಳೆದು, "ಬನ್ನಿ ಮೇಡಂ, ಇದು ಬರದೇ ಇರೋರು ಯಾರೂ ಇಲ್ಲ" ಎಂದಳು. ಆ ಅಕ್ಕ ನಾನೇ ಎಂದು ಅವಳಿಗೇನು ಗೊತ್ತು! ಎದ್ದು ಹಾಡಿದೆ. ನನ್ನ ಕರವಸ್ತ್ರ, ನನ್ನ ಇಸ್ತ್ರಿಪೆಟ್ಟಿಗೆ, ಬೆಳಿಗ್ಗೆ ನಿನ್ನನ್ನು ಕಾಯಿಸುತ್ತಿದ್ದ ನನ್ನ ನಿಧಾನ, ಎಲ್ಲವನ್ನೂ ನೀವು ನಾಲ್ವರು ಹೆಂಗಸರು ಗಿಟಾರು ಡ್ರಮ್ಮಿನ ನಡುವೆ ಹಾಕಿ ದೇಶಕ್ಕೆಲ್ಲ ಹಂಚಿದ್ದೀರಿ. ನನಗೆ ಸಿಟ್ಟು ಬರಬೇಕಿತ್ತಲ್ಲವೇ? ಬಾರದಿರಲು ಕಾರಣ, ಹಾಡು ಚೆನ್ನಾಗಿದೆ. ಅದೇ ಹೊಟ್ಟೆ ಉರಿಸುವ ಸಂಗತಿ.

ಆದರೆ ಈ ಕಿಚ್ಚು ಹಳೆಯದು, ನನಗೆ ಅಭ್ಯಾಸವಾಗಿದೆ. ಹೊಸದು ಹುಟ್ಟಿದ್ದು ಭಾನುವಾರ ಮಧ್ಯಾಹ್ನ. ನಿಲ್ದಾಣದ ಹಿಂದಿನ ಆ ನೆಲಮಾಳಿಗೆಯ ಸಂಗೀತ ಕ್ಲಬ್ಬಿನ ಮೆಟ್ಟಿಲಿಳಿದು ನಾನು ಬಂದದ್ದು ಮಗಳು ಇಬುಕಿ ನುಡಿಸುವುದನ್ನು ಕೇಳಲು. ನಿಮಗಿಂತ ಮುಂಚೆ ನುಡಿಸುವ ಶಾಲಾ ಹುಡುಗಿಯರ ಬ್ಯಾಂಡು ಅವಳದು, 'ಮೂರು ಗಂಟೆ'. ಬಾಗಿಲಲ್ಲಿ ಕುಳಿತ ಹುಡುಗ ಎಲ್ಲ ಕಡೆ ಕೇಳುವ ಹಾಗೆಯೇ ಕೇಳಿದ, "ಯಾರನ್ನ ನೋಡೋಕೆ ಬಂದ್ರಿ?" ಹೇಳಿದ ಹೆಸರಿನ ಕೆಳಗೆ ಅವನು ಒಂದು ಗೆರೆ ಎಳೆಯುತ್ತಾನೆ. ಗೆರೆ ಕಡಿಮೆ ಬಿದ್ದ ಬ್ಯಾಂಡನ್ನು ಮತ್ತೆ ಕರೆಯುವುದಿಲ್ಲ, ನೀನೂ ಅದರಲ್ಲೇ ನೊಂದವಳು. ಪರೀಕ್ಷೆಯ ಕಾಲವಾದ್ದರಿಂದ ಇಬುಕಿಯ ಗೆಳತಿಯರು ಬಂದದ್ದು ಕಡಿಮೆ. ಅವಳು ಮೆಟ್ಟಿಲ ಬಳಿ ನಿಂತು ಆ ಹಾಳೆಯನ್ನೇ ನೋಡುತ್ತಿದ್ದಳು. ನನ್ನ ಬಾಯಿಂದ ಬಂದ ಮಾತು, "ಮೂಲಂಗಿ."

ಎಷ್ಟು ವರ್ಷ ಎಷ್ಟು ಬಾಗಿಲುಗಳಲ್ಲಿ ನಿನಗಾಗಿ ಹೇಳಿದ ಉತ್ತರ ಅದು! ನಾಲಗೆ ನನ್ನನ್ನು ಕೇಳದೆಯೇ ಹೇಳಿಬಿಟ್ಟಿತು. "ತಪ್ಪಾಯ್ತು ಕಣಪ್ಪ, ಮೂರು ಗಂಟೆ ಅಂತ ಬರ್ಕೋ" ಎಂದೆ. ಅವನು ಅಷ್ಟು ಹೊತ್ತಿಗೆ ಗೆರೆ ಎಳೆದಾಗಿತ್ತು. "ಪೆನ್ನಲ್ಲಿ ಬರ್ದಾಯ್ತು, ಕ್ಷಮಿಸಿ" ಎಂದು ತಲೆಬಾಗಿಸಿದ. ನಾನು ಹೆದರಿ ಇಬುಕಿಯ ಕಡೆ ನೋಡಿದೆ. ಅವಳು ಸಿಟ್ಟಾಗಬೇಕಿತ್ತು. ಸಿಟ್ಟಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಚಿಝು. ಅವಳು ಚಪ್ಪಾಳೆ ತಟ್ಟಿ ನಕ್ಕಳು. "ನೋಡ್ರೇ, ನಮ್ಮಮ್ಮನೂ ಚಿಕ್ಕಮ್ಮನ ಕಡೆನೇ!" ಎಂದು ಗೆಳತಿಯರಿಗೆ ಕೂಗಿ ಹೇಳಿದಳು. ಅದೆಂಥ ಹೆಮ್ಮೆ ಅವಳ ಮುಖದಲ್ಲಿ! ನನ್ನ ಮಗಳಾಗಿರುವುದರಲ್ಲಿ ಅವಳು ಅಷ್ಟು ಹೆಮ್ಮೆಪಟ್ಟದ್ದನ್ನು ನಾನು ಮೊದಲ ಬಾರಿ ಕಂಡದ್ದು. ಅದೂ ನಿನ್ನ ದೆಸೆಯಿಂದ.

ಆಮೇಲೆ ಅವಳು ಬೇಸ್ ಗಿಟಾರು ಹೆಗಲಿಗೇರಿಸಿ ವೇದಿಕೆಯ ಮೇಲೆ ನಿಂತಳು. ಎಡಗಾಲಿನ ಮೇಲೆ ಭಾರ, ಗಲ್ಲ ಮೇಲೆ, ಥೇಟು ನೀನು. ಅವಳ ಮಣಿಕಟ್ಟು ನನ್ನದು, ಮೌನ ನನ್ನದು ಎಂದು ಇಷ್ಟು ದಿನ ಅಂದುಕೊಂಡಿದ್ದೆ. ನಿಲ್ಲುವ ಭಂಗಿಯನ್ನು ಯಾವಾಗ ನಿನ್ನಿಂದ ತೆಗೆದುಕೊಂಡಳೋ ತಿಳಿಯಲಿಲ್ಲ.

ಕಾರ್ಯಕ್ರಮ ಮುಗಿದು ಓಣಿಯಲ್ಲಿ ನಿಂತಿದ್ದಾಗ ನಿಮ್ಮ ಬ್ಯಾಂಡಿನ ಫುಮಿ ತನ್ನ ತಂದೆಯ ಕಾಯಿಲೆಯ ವಿಷಯ ಹೇಳಿದಳು, ಮಾರ್ಚಿನ ಸುತ್ತಾಟಕ್ಕೆ ಬೇಸ್ ನುಡಿಸಲು ಆಗುವುದಿಲ್ಲವೆಂದಳು. ನೀನು ವೈರು ಸುತ್ತುತ್ತಲೇ ಇಬುಕಿಗೆ, "ನೀನು ಬರ್ತೀಯೇನೇ? ಫುಕುಓಕಾದಿಂದ ಸಪ್ಪೊರೊ ತನಕ. ಹೊಂದಿಕೊಂಡ್ರೆ ಆಮೇಲೂ ಇರು" ಅಂದೆ. ಉಪ್ಪು ಕೊಡು ಅನ್ನುವಷ್ಟು ಸಲೀಸಾಗಿ ಅಂದೆ. ಅವಳು ತಕ್ಷಣ ನನ್ನ ಕಡೆ ತಿರುಗಿದಳು. ನಿನ್ನ ಕಣ್ಣು ನನ್ನ ಮೇಲೆ ಬಿತ್ತು. "ಬೇಡ ಅಂದ್ರೆ ಬೇಡ ಅಕ್ಕಾ. ಆದ್ರೆ ಫೋನಲ್ಲಿ ಹೇಳ್ಬೇಡ, ನೀನು ಬರೀ ನೋಡೋಣ ನೋಡೋಣ ಅಂತೀಯ. ಬರೆದು ಕಳಿಸು" ಎಂದು ಹೇಳಿ ವ್ಯಾನು ಹತ್ತಿ ನಗೋಯಾಕ್ಕೆ ಹೊರಟುಬಿಟ್ಟೆ.

ಅಂದಿನಿಂದ ಇಬುಕಿ ಆ ವಿಷಯ ಎತ್ತಿಲ್ಲ. ತಟ್ಟೆಗಳನ್ನು ತಾನಾಗಿಯೇ ತೊಳೆಯುತ್ತಿದ್ದಾಳೆ. ನಾನು ಗಂಡ ಶುಂಜಿಯವರ ಮುಂದೆ ಕಾರಣಗಳನ್ನೆಲ್ಲ ಇಟ್ಟೆ. ಕಾಲೇಜು ತಪ್ಪುತ್ತದೆ, ವ್ಯಾನಿನಲ್ಲಿ ನಿದ್ದೆ, ಚಳಿಯಲ್ಲಿ ಉತ್ತರದ ತುದಿಯ ಹೊಕ್ಕೈದೊ, ಹದಿನೆಂಟರ ಹುಡುಗಿ. ಇಂಗ್ಲಿಷ್ ಶಾಲೆಯ ಚರ್ಚಾಕೂಟಗಳಿಂದ ನನಗೆ ಬಂದ ವಿದ್ಯೆ ಇದೊಂದೇ, ಯಾವುದನ್ನಾದರೂ ಕ್ರಮವಾಗಿ ಜೋಡಿಸಿ ಮಂಡಿಸುವುದು. ಅವರು ಕಿತ್ತಳೆ ಸುಲಿಯುತ್ತ ಕೊನೆಯವರೆಗೂ ಕೇಳಿಸಿಕೊಂಡರು. "ಎಲ್ಲಾ ಸರಿ ಕಣೇ. ಇದ್ರಲ್ಲಿ ನಿಜವಾದ್ದು ಯಾವುದು?" ಎಂದರು.

ಅವುಗಳಲ್ಲಿ ಒಂದೂ ನಿಜವಾದ್ದಲ್ಲ. ಮಗಳ ಕಣ್ಣು ನಿನ್ನ ಕಡೆ ತಿರುಗಿದೆ ಎನ್ನುವುದು ಒಂದು ನಿಜವಾದ ಕಾರಣ. ಅದನ್ನು ತಾಯಂದಿರು ಹೇಗೋ ನುಂಗಿಕೊಳ್ಳುತ್ತಾರೆ. ನುಂಗಲಾಗದ್ದು ಇನ್ನೊಂದಿದೆ. ಹದಿನೇಳರಲ್ಲಾಗಲಿ ಇಪ್ಪತ್ತರಲ್ಲಾಗಲಿ, ನಿಮ್ಮ ಆಂಪ್ಲಿಫೈಯರನ್ನು ಒಂದು ಕೈ ಹಿಡಿದು ಮೆಟ್ಟಿಲಿಳಿಸಿದ ದಿನಗಳಲ್ಲೂ, ನೀನು ನನಗೆ ಒಮ್ಮೆಯೂ "ಬರ್ತೀಯೇನೇ" ಅನ್ನಲಿಲ್ಲ. ಕೇಳಿದ್ದರೆ ಬರುತ್ತಿದ್ದೆನೇ? ಪ್ರಾಮಾಣಿಕವಾಗಿ ಯೋಚಿಸಿದೆ. ಬಹುಶಃ ಮೊದಲು ವಾಪಸು ಬರುವ ರೈಲಿನ ವೇಳೆ ವಿಚಾರಿಸುತ್ತಿದ್ದೆ. ನೀನು ಕೇಳದೇ ಇದ್ದದ್ದು ಸರಿಯೇ ಇರಬಹುದು. ಸರಿ ಎಂದು ಗೊತ್ತಾದರೂ ಕಿಚ್ಚು ಆರುವುದಿಲ್ಲ ಎನ್ನುವುದು ನನಗೆ ಈ ವಯಸ್ಸಿನಲ್ಲಿ ತಿಳಿದ ವಿಷಯ. ಅದಕ್ಕಾಗಿ ನಿನ್ನನ್ನು ದೂರುತ್ತಿಲ್ಲ, ನಿನಗೆ ತಿಳಿದಿರಲಿ ಅಷ್ಟೇ.

ಫುಮಿಯ ತಂದೆ ಬೇಗ ಚೇತರಿಸಿಕೊಳ್ಳಲಿ. ಉಳಿದಿಬ್ಬರಿಗೂ ನನ್ನ ನೆನಪು ಹೇಳು. ಅಮ್ಮ ಆಶೀರ್ವಾದ ಕಳಿಸಿದ್ದಾಳೆ, ಬೈಗುಳದ ಜೊತೆಗೇ. ಚಳಿಯಲ್ಲಿ ಕೊರಳು ಮುಚ್ಚಿಕೊಂಡು ಓಡಾಡು.

ನಿನ್ನ ಅಕ್ಕ,
ತೊಮೊಎ

ಮರೆತಿದ್ದಲ್ಲ, ಕೊನೆಗೆ ಉಳಿಸಿಕೊಂಡದ್ದು: ಇಬುಕಿ ಬರಲಿ. ಮಾರ್ಚ್ ಒಂದಕ್ಕೆ ಶಾಲೆಯ ಬೀಳ್ಕೊಡುಗೆ, ಮರುದಿನವೇ ಶುಂಜಿ ಅವಳನ್ನು ಒಸಾಕಾದಲ್ಲಿ ನಿನ್ನ ಮನೆಗೆ ಬಿಡುತ್ತಾರೆ. ಒಂದು ತಿಂಗಳು ಮಾತ್ರ ಎಂದು ನೀನೂ ಹೇಳುತ್ತೀಯ, ನಾನೂ ಹೇಳುತ್ತೇನೆ. ಅವಳನ್ನು ವೇದಿಕೆಯ ಮೇಲೆ ನೋಡಿದವಳು ನಾನು, ಏಪ್ರಿಲ್‌ನಲ್ಲಿ ಅವಳು ಮನೆಗೆ ಬಂದರೆ ಉಳಿದ ಬಟ್ಟೆ ಒಯ್ಯಲು ಬರುತ್ತಾಳೆ. ಗೊತ್ತಿದ್ದೇ ಕಳಿಸುತ್ತಿದ್ದೇನೆ. ಅವಳಿಗೆ ಇನ್ನೂ ಹೇಳಿಲ್ಲ. ಶನಿವಾರ ಕಾಲೇಜಿನ ಸಂದರ್ಶನವಿದೆ, ಈಗಲೇ ತಿಳಿದರೆ ಅಲ್ಲಿ ಕೇಳಿದ್ದಕ್ಕೆಲ್ಲ ನಿನ್ನ ಬ್ಯಾಂಡಿನ ಹೆಸರು ಹೇಳಿ ಬರುತ್ತಾಳೆ, ಸುಳ್ಳು ಅವಳಿಗೆ ಬರುವುದಿಲ್ಲ. ಅದು ಮುಗಿಯಲಿ. ಭಾನುವಾರ ಅವಳಿಗೆ ಹೇಳಿ, ಈ ಪತ್ರವನ್ನು ಮರುದಿನ ಕಚೇರಿಗೆ ಹೋಗುವ ದಾರಿಯಲ್ಲಿ ಅಂಚೆಗೆ ಹಾಕುತ್ತೇನೆ, ಡಿಸೆಂಬರ್ 14, ಸೋಮವಾರ.